ಗೆಳೆಯರ ಜೊತೆ ಪ್ರವಾಸ ಹೋದಾಗ ಅಡುಗೆ ತರಗತಿ ಸೇರುವುದು ಹೇಗೆ

ಪ್ರವಾಸದ ನಡುವೆ ಅರ್ಧ ದಿನ ಮೀಸಲಿಟ್ಟು ಆ ಸ್ಥಳದ ಅಡುಗೆಯನ್ನು ಕಲಿಯುವ ರೂಢಿ ಈಗ ಹಲವು ದೇಶಗಳಲ್ಲಿ ನೆಲೆಯೂರಿದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್, ವಿಯೆಟ್ನಾಮಿನ ಹೊಯ್ ಆನ್, ಬಾಲಿಯ ಉಬುದ್, ಇಟಲಿಯ ಬೊಲೊನ್ಯ, ಮೆಕ್ಸಿಕೊದ ಒಹಾಕಾ ಮುಂತಾದ ಕಡೆ ಪ್ರವಾಸಿಗಳಿಗೆಂದೇ ನಡೆಯುವ ತರಗತಿಗಳು ಬೇಕಾದಷ್ಟಿವೆ. 1895ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಲ ಕಾರ್ಡಾನ್ ಬ್ಲೂನಂತಹ ವೃತ್ತಿಪರ ಶಾಲೆಯೂ ಹವ್ಯಾಸಿಗಳಿಗಾಗಿ ಕೆಲವೇ ಗಂಟೆಗಳ ಕಾರ್ಯಾಗಾರಗಳನ್ನು ನಡೆಸುತ್ತದೆ. ಒಬ್ಬರೇ ಹೋದವರು ಇಂಥ ಕಡೆ ಕಲಿತು ಬರುವುದು ಸುಲಭ. ಗೆಳೆಯರ ಗುಂಪಿನ ಕಥೆ ಬೇರೆ. ಅಡುಗೆ ಬಲ್ಲ ಒಬ್ಬರು ಸೌಟು ಹಿಡಿಯುತ್ತಾರೆ, ಇಬ್ಬರು ಫೋಟೊ ತೆಗೆಯುತ್ತಾರೆ, ಉಳಿದವರು ಹರಟೆಗೆ ಕೂರುತ್ತಾರೆ. ಊಟ ಚೆನ್ನಾಗಿಯೇ ಆಗುತ್ತದೆ, ಆದರೆ ಮನೆಗೆ ಮರಳಿದ ಮೇಲೆ ಅದೇ ಖಾದ್ಯವನ್ನು ಮಾಡಹೊರಟರೆ ಯಾರಿಗೂ ಏನೂ ನೆನಪಿರುವುದಿಲ್ಲ. ಹರಟೆಯೇ ಮುಖ್ಯವೆಂದಾದರೆ ಅದಕ್ಕೆ ಒಂದು ಒಳ್ಳೆಯ ಹೋಟೆಲು ಸಾಕು. ತರಗತಿಗೆ ಹಣ ಮತ್ತು ಹೊತ್ತು ಎರಡನ್ನೂ ಕೊಡುವವರು, ಜೊತೆಗೂಡಿದ ಖುಷಿಯನ್ನು ಉಳಿಸಿಕೊಂಡೇ ಪ್ರತಿಯೊಬ್ಬರ ಕೈಗೂ ಕೆಲಸ ಸಿಗುವಂತೆ ಏರ್ಪಾಡು ಮಾಡಿಕೊಳ್ಳಬೇಕು. ಆ ಏರ್ಪಾಡಿನ ಬಹುಪಾಲು, ಕಾಯ್ದಿರಿಸುವ ಮೊದಲೇ ಮುಗಿದಿರಬೇಕಾದದ್ದು.

ಗುಂಪಿನೊಳಗಿನ ಮಾತು

ಪ್ರವಾಸಿಗಳಿಗೆ ಸಿಗುವ ತರಗತಿಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದರಲ್ಲಿ ಬಾಣಸಿಗರು ಮಾಡಿ ತೋರಿಸುತ್ತಾರೆ, ನೀವು ಕುಳಿತು ನೋಡಿ ಕೊನೆಗೆ ರುಚಿ ನೋಡುತ್ತೀರಿ. ಎರಡನೆಯದರಲ್ಲಿ ಪ್ರತಿಯೊಬ್ಬರೂ ಸ್ವತಃ ಹೆಚ್ಚಿ, ಕುಟ್ಟಿ, ಬೇಯಿಸುತ್ತಾರೆ. ಮೂರನೆಯದು ಯಾರದೋ ಮನೆಯ ಅಡುಗೆಮನೆಯಲ್ಲಿ ನಡೆಯುವಂಥದ್ದು. ಅಲ್ಲಿ ಮನೆಯೊಡತಿ ಅಥವಾ ಮನೆಯೊಡೆಯ ತಮ್ಮ ದಿನದ ಅಡುಗೆಯನ್ನು ಮಾಡುತ್ತಾ ನಿಮ್ಮನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ, ಪಾಠಕ್ಕಿಂತ ಮಾತುಕತೆಯೇ ಹೆಚ್ಚಿರುತ್ತದೆ. ಈ ಮೂರರಲ್ಲಿ ಯಾವುದು ಬೇಕೆಂಬುದನ್ನು ಗುಂಪು ಒಮ್ಮತದಿಂದ ತೀರ್ಮಾನಿಸದಿದ್ದರೆ, ಕಲಿಯಲು ಬಂದವರಿಗೂ ವಿಶ್ರಮಿಸಲು ಬಂದವರಿಗೂ ಒಂದೇ ಕೋಣೆಯಲ್ಲಿ ಬೇಸರವಾಗುತ್ತದೆ. ಐದಾರು ಜನರ ಗುಂಪಿಗೆ ನನ್ನ ಆಯ್ಕೆ ಎರಡನೆಯದು. ಇಬ್ಬರು ಮೂವರಷ್ಟೇ ಇದ್ದರೆ ಮನೆಯ ಅಡುಗೆಮನೆಗೆ ಸಮನಾದದ್ದು ಇಲ್ಲ.

ಅಡುಗೆಯಲ್ಲಿ ಆಸಕ್ತಿಯೇ ಇಲ್ಲದ ಒಬ್ಬರು ಪ್ರತಿ ಗುಂಪಿನಲ್ಲಿಯೂ ಇರುತ್ತಾರೆ. ಅವರನ್ನು ಎಳೆದುಕೊಂಡು ಹೋಗುವುದು ಬೇಡ. ಕೆಲವು ಶಾಲೆಗಳು ಊಟದ ಹೊತ್ತಿಗೆ ಮಾತ್ರ ಬರುವ ಅತಿಥಿಯನ್ನು ಕಡಿಮೆ ಶುಲ್ಕಕ್ಕೆ ಒಪ್ಪಿಕೊಳ್ಳುತ್ತವೆ. ಹಾಗೆ ಬರಬಹುದೇ ಎಂದು ಮೊದಲೇ ವಿಚಾರಿಸಿದರೆ ಸಾಕು.

ಹಣದ ವಿಷಯ ಚಿಕ್ಕದು: ಒಬ್ಬರೇ ಎಲ್ಲರ ಪರವಾಗಿ ಕಾಯ್ದಿರಿಸಲಿ, ತಮ್ಮ ತಮ್ಮ ಪಾಲನ್ನು ಉಳಿದವರು ಅವರಿಗೆ ಅದೇ ದಿನ ಕೊಟ್ಟುಬಿಡಲಿ, ಯಾರಾದರೂ ಕೊನೆಯ ಗಳಿಗೆಯಲ್ಲಿ ಬಾರದಿದ್ದರೆ ಆ ಪಾಲು ಯಾರದೆಂಬುದು ಮೊದಲೇ ಮಾತಾಗಿರಲಿ.

ಪ್ರವಾಸದ ಯಾವ ದಿನ

ತರಗತಿಯನ್ನು ಹೆಚ್ಚಿನವರು ಪ್ರವಾಸದ ಕೊನೆಗೆ ಇಟ್ಟುಕೊಳ್ಳುತ್ತಾರೆ, ನೋಡಬೇಕಾದದ್ದನ್ನೆಲ್ಲ ನೋಡಿ ಮುಗಿಸಿದ ಮೇಲೆ ಉಳಿದ ಹೊತ್ತಿಗೆ ಎಂಬಂತೆ. ಇದು ತಲೆಕೆಳಗಾದ ಕ್ರಮ. ತರಗತಿ ಆರಂಭದಲ್ಲೇ ಆಗಿಬಿಟ್ಟರೆ ಮುಂದಿನ ದಿನಗಳಲ್ಲಿ ಹೋಟೆಲಿನ ಪಟ್ಟಿ ಅರ್ಥವಾಗುತ್ತದೆ, ಮಾರುಕಟ್ಟೆಯಲ್ಲಿ ಕಾಣುವ ಸೊಪ್ಪು ಯಾವುದಕ್ಕೆ ಬಳಕೆಯಾಗುತ್ತದೆಂದು ತಿಳಿದಿರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ, ತಾವೇ ಮಾಡಿದ ಖಾದ್ಯವನ್ನು ಬೇರೆ ಬೇರೆ ಕೈಗಳಲ್ಲಿ ಸವಿದು ಹೋಲಿಸುವ ಅವಕಾಶ ಸಿಗುತ್ತದೆ. ಹೊಳೆಯದೆ ಉಳಿದ ಪ್ರಶ್ನೆಗಳೂ ಹೀಗೆ ತಿನ್ನುವಾಗಲೇ ಹೊಳೆಯುತ್ತವೆ. ಆದರೆ ಬಂದಿಳಿದ ಮರುಬೆಳಗ್ಗೆಯೇ ಬೇಡ. ನಿದ್ದೆಗೆಟ್ಟವರ ಕೈಗೆ ಹರಿತವಾದ ಚಾಕು ಕೊಡುವುದು ಸರಿಯಲ್ಲ. ಎರಡನೆಯ ಅಥವಾ ಮೂರನೆಯ ದಿನ ಸೂಕ್ತ.

ಮಾರುಕಟ್ಟೆಗೆ ಕರೆದೊಯ್ಯುವ ತರಗತಿಯಾದರೆ ಬೆಳಗಿನದನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಮೀನು, ಸೊಪ್ಪು, ತರಕಾರಿಯ ಮಾರುಕಟ್ಟೆಗಳು ಮುಂಜಾನೆ ತುಂಬಿದ್ದು ಮಧ್ಯಾಹ್ನದ ಹೊತ್ತಿಗೆ ಬರಿದಾಗಿರುತ್ತವೆ. ಅದೇ ಶಾಲೆಯ ಮಧ್ಯಾಹ್ನದ ತರಗತಿಯಲ್ಲಿ ಮಾರುಕಟ್ಟೆಯ ಭೇಟಿ ಹೆಸರಿಗಷ್ಟೇ ಇರುವುದುಂಟು. ರಜೆಯ ದಿನವನ್ನೂ ನೋಡಿಕೊಳ್ಳಬೇಕು. ಟೋಕಿಯೊದ ತೊಯೊಸು ಸಗಟು ಮಾರುಕಟ್ಟೆ ಸಾಮಾನ್ಯವಾಗಿ ಭಾನುವಾರ ಮುಚ್ಚಿರುತ್ತದೆ, ಅದರ ಜೊತೆಗೆ ಕೆಲವು ಬುಧವಾರಗಳಲ್ಲಿಯೂ. ಅಂದ ಹಾಗೆ, ಆ ನಗರದ ಸಗಟು ಮೀನು ವ್ಯಾಪಾರ 2018ರ ಅಕ್ಟೋಬರಿನಲ್ಲಿ ತ್ಸುಕಿಜಿಯಿಂದ ತೊಯೊಸುಗೆ ಸ್ಥಳಾಂತರವಾಯಿತು, ತ್ಸುಕಿಜಿಯಲ್ಲಿ ಉಳಿದಿರುವುದು ಹೊರಭಾಗದ ಚಿಲ್ಲರೆ ಅಂಗಡಿಗಳು. ತ್ಸುಕಿಜಿಯಲ್ಲೇ ಮೀನಿನ ಹರಾಜು ತೋರಿಸುತ್ತೇವೆಂದು ಯಾವುದಾದರೂ ಜಾಹೀರಾತು ಇನ್ನೂ ಹೇಳುತ್ತಿದ್ದರೆ, ಅದನ್ನು ಬರೆದವರು ಬಹಳ ವರ್ಷಗಳಿಂದ ಅದನ್ನು ತಿದ್ದಿಲ್ಲವೆಂದು ತಿಳಿಯಬಹುದು.

ತರಗತಿಯನ್ನು ಆರಿಸುವುದು

ಜಾಹೀರಾತಿನಲ್ಲಿ ಖಾದ್ಯಗಳ ಪಟ್ಟಿ ಉದ್ದವಾಗಿದ್ದಷ್ಟೂ ಅನುಮಾನ ಪಡುವುದು ಒಳ್ಳೆಯದು. ಮೂರು ಗಂಟೆಯಲ್ಲಿ ಏಳು ಖಾದ್ಯ ಎಂದರೆ ಹೆಚ್ಚಿದ ಈರುಳ್ಳಿ, ಅರೆದ ಮಸಾಲೆ, ಬೆಂದ ಸಾರು ಎಲ್ಲವೂ ಬಟ್ಟಲುಗಳಲ್ಲಿ ಸಿದ್ಧವಾಗಿರುತ್ತವೆ, ನಿಮ್ಮ ಪಾಲಿಗೆ ಉಳಿಯುವುದು ಅವನ್ನು ಒಂದೊಂದಾಗಿ ಬಾಣಲೆಗೆ ಸುರಿಯುವ ಕೆಲಸ ಮಾತ್ರ. ಅದೇ ಮೂರು ಗಂಟೆಯಲ್ಲಿ ಎರಡೇ ಖಾದ್ಯ ಕಲಿಸುವ ತರಗತಿಯಲ್ಲಿ ಒಂದು ಪದಾರ್ಥ ಹಸಿಯಿಂದ ಹದಕ್ಕೆ ಬರುವವರೆಗಿನ ಎಲ್ಲ ಹಂತಗಳನ್ನೂ ನೋಡಬಹುದು. ಪಾಕವಿಧಾನ ಬೇಕಿದ್ದರೆ ಮನೆಯಲ್ಲಿ ಕುಳಿತೇ ಓದಬಹುದಾಗಿತ್ತು. ಅಷ್ಟು ದೂರ ಹೋಗುವುದು ಹದವನ್ನು ಕಣ್ಣಾರೆ ಕಂಡು ಕೈಯಾರೆ ಮುಟ್ಟಿ ತಿಳಿಯಲಿಕ್ಕೆ.

ಆದ್ದರಿಂದ ಕಾಯ್ದಿರಿಸುವ ಮೊದಲು ಶಾಲೆಗೆ ನೇರವಾಗಿ ಬರೆದು ಕೆಲವು ಸಂಗತಿಗಳನ್ನು ಕೇಳಬೇಕು. ಒಬ್ಬ ಶಿಕ್ಷಕರಿಗೆ ಎಷ್ಟು ಜನ ವಿದ್ಯಾರ್ಥಿಗಳು? ಎಂಟು ಹತ್ತು ಜನರವರೆಗೆ ಸರಿ, ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿನವರಿಗೆ ಬಾಣಲೆಯ ಒಳಗೇನಾಗುತ್ತಿದೆ ಎಂಬುದೇ ಕಾಣುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಒಲೆ ಮತ್ತು ಹೆಚ್ಚುವ ಮಣೆ ಇದೆಯೇ, ಅಥವಾ ಇಬ್ಬರಿಗೆ ಒಂದೇ? ಇಬ್ಬರಿಗೆ ಒಂದಾದರೂ ಅಡ್ಡಿಯಿಲ್ಲ, ನಾಲ್ವರಿಗೆ ಒಂದಾದರೆ ಇಬ್ಬರು ಪ್ರೇಕ್ಷಕರಾಗುತ್ತಾರೆ. ಪಾಠ ಯಾವ ಭಾಷೆಯಲ್ಲಿ, ಶಿಕ್ಷಕರೇ ಮಾತನಾಡುತ್ತಾರೋ ಅನುವಾದಕರು ಇರುತ್ತಾರೋ? ಎಷ್ಟು ಹೊತ್ತು ನಿಂತೇ ಇರಬೇಕು, ಮೆಟ್ಟಿಲು ಹತ್ತಬೇಕೇ? ಮಂಡಿನೋವಿನವರು ಗುಂಪಿನಲ್ಲಿದ್ದರೆ ಕೊನೆಯ ಪ್ರಶ್ನೆಯೇ ಮೊದಲನೆಯದಾಗಬೇಕು. ಈ ಪ್ರಶ್ನೆಗಳಿಗೆ ಬರುವ ಉತ್ತರದ ಧಾಟಿಯೂ ಒಂದು ಸೂಚನೆ: ಕೇಳಿದ ಪ್ರಶ್ನೆಗೆ ಉತ್ತರಿಸದೆ ಸಿದ್ಧ ಮಾಹಿತಿಪತ್ರವನ್ನೇ ಮತ್ತೆ ಕಳುಹಿಸುವವರು ತರಗತಿಯಲ್ಲಿಯೂ ಹಾಗೆಯೇ ನಡೆದುಕೊಳ್ಳುವ ಸಾಧ್ಯತೆ ಹೆಚ್ಚು.

ಹಿಂದೆ ಹೋಗಿ ಬಂದವರ ಅಭಿಪ್ರಾಯಗಳನ್ನು ಓದುವಾಗ ನಕ್ಷತ್ರಗಳ ಸಂಖ್ಯೆಯನ್ನು ಬದಿಗಿಟ್ಟು ಅವರು ಹಾಕಿರುವ ಚಿತ್ರಗಳನ್ನು ನೋಡಿ. ಎಲ್ಲ ಚಿತ್ರಗಳೂ ಅಲಂಕರಿಸಿದ ತಟ್ಟೆಗಳದ್ದೇ ಆಗಿದ್ದರೆ ಅಲ್ಲಿ ಊಟ ಚೆನ್ನಾಗಿರುತ್ತದೆಂದು ಮಾತ್ರ ತಿಳಿಯುತ್ತದೆ. ಹಿಟ್ಟು ಮೆತ್ತಿದ ಕೈಗಳು, ಒರಳ ಮುಂದೆ ಬಗ್ಗಿದ ಬೆನ್ನುಗಳು ಕಂಡರೆ ಆ ತರಗತಿಯನ್ನು ಪಟ್ಟಿಗೆ ಸೇರಿಸಬಹುದು.

ಗುಂಪಿನಲ್ಲಿ ಆರು ಜನರಿಗಿಂತ ಹೆಚ್ಚಿದ್ದರೆ ನಿಮಗಷ್ಟೇ ಮೀಸಲಾದ ತರಗತಿಯ ಶುಲ್ಕವನ್ನೂ ಕೇಳಿ ನೋಡುವುದು ಒಳಿತು. ತಲೆಗೆ ಬೀಳುವ ಮೊತ್ತ ಸಾಮಾನ್ಯ ತರಗತಿಯದಕ್ಕೆ ಹತ್ತಿರವಾಗಿರುವುದುಂಟು. ಇದರಿಂದ ಇನ್ನೊಂದು ಉಪಕಾರವಿದೆ. ಪರಸ್ಪರ ಬಲ್ಲ ಏಳು ಜನರ ನಡುವೆ ಸಿಕ್ಕಿಕೊಂಡ ಇಬ್ಬರು ಅಪರಿಚಿತರ ಪಾಡು ಕಷ್ಟದ್ದು, ಗುಂಪಿನ ಗದ್ದಲದಲ್ಲಿ ಅವರ ಪ್ರಶ್ನೆಗಳು ಶಿಕ್ಷಕರ ಕಿವಿಗೇ ಬೀಳುವುದಿಲ್ಲ.

ತಿನ್ನದ ಪದಾರ್ಥಗಳ ವಿಷಯ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಶಾಕಾಹಾರಿಗಳಿದ್ದೇವೆ ಎಂದು ಒಂದು ಸಾಲು ಬರೆದರೆ ಮುಗಿಯಿತೆಂದು ತಿಳಿಯಬಾರದು, ಏಕೆಂದರೆ ಮಾಂಸದ ತುಂಡು ಕಾಣದ ಖಾದ್ಯವನ್ನು ಶಾಕಾಹಾರವೆಂದೇ ಪರಿಗಣಿಸುವ ಅಡುಗೆಮನೆಗಳು ಜಗತ್ತಿನಲ್ಲಿ ಬಹಳ. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಮಾಡುವುದು ಹೆಚ್ಚಾಗಿ ಮೀನಿನ ಸಾಸ್, ಅಲ್ಲಿನ ಕರಿ ಮಸಾಲೆಗಳಲ್ಲಿ ಸಾಮಾನ್ಯವಾಗಿ ಸೀಗಡಿಯ ಪೇಸ್ಟ್ ಸೇರಿರುತ್ತದೆ. ಜಪಾನೀ ಅಡುಗೆಯ ತಳಹದಿಯಾದ ದಾಶಿ ಎಂಬ ತಿಳಿಸಾರನ್ನು ಒಣಗಿಸಿದ ಮೀನಿನ ಎಸಳುಗಳಿಂದ ತೆಗೆಯುವುದು ರೂಢಿ, ಆದ್ದರಿಂದ ಬರೀ ತರಕಾರಿಯ ಪಲ್ಯದಲ್ಲಿಯೂ ಅದು ಇರಬಹುದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಿಯೇ ಹೆಪ್ಪುಗಟ್ಟಿಸುತ್ತಾರೆ. ಮೆಕ್ಸಿಕೊದಲ್ಲಿ ಬೇಯಿಸಿ ಹಿಸುಕಿದ ಕಾಳಿಗೆ ಹಂದಿಯ ಕೊಬ್ಬು ಹಾಕುವುದುಂಟು. ಆದುದರಿಂದ ಏನು ತಿನ್ನುವುದಿಲ್ಲ ಎಂಬುದನ್ನು ಒಂದೊಂದಾಗಿ ಹೆಸರಿಸಿ ಬರೆಯಬೇಕು, ಬದಲಿಗೆ ಏನು ಹಾಕುತ್ತೀರಿ ಎಂದೂ ಕೇಳಬೇಕು. ಮೀನಿನ ಸಾಸಿನ ಜಾಗದಲ್ಲಿ ಸೋಯಾ ಸಾಸ್, ಮೀನಿನ ದಾಶಿಯ ಜಾಗದಲ್ಲಿ ಕೊಂಬು ಎಂಬ ಕಡಲಪಾಚಿ ಮತ್ತು ಒಣಗಿದ ಶಿಟಾಕೆ ಅಣಬೆಯ ದಾಶಿ, ಹೀಗೆ ಸ್ಪಷ್ಟ ಉತ್ತರ ಕೊಡುವ ಶಾಲೆಗೆ ಈ ಕೆಲಸ ಹೊಸದಲ್ಲವೆಂದು ತಿಳಿಯುತ್ತದೆ. ಅಂಥ ಮಸಾಲೆಯನ್ನು ಬೇರೆ ಒರಳಿನಲ್ಲಿ ಕುಟ್ಟುತ್ತಾರೆಯೇ, ಬೇರೆ ಎಣ್ಣೆಯಲ್ಲಿ ಕರಿಯುತ್ತಾರೆಯೇ ಎಂಬುದನ್ನೂ ಕೇಳಿಬಿಡಿ.

ಅಲರ್ಜಿ ಇರುವವರಿಗೆ ಇದು ಇಷ್ಟಾನಿಷ್ಟದ ಮಾತಲ್ಲ, ಪ್ರಾಣದ ಮಾತು. ಐರೋಪ್ಯ ಒಕ್ಕೂಟದ ನಿಯಮವು ಕಡಲೆಕಾಯಿ, ಎಳ್ಳು, ಸಾಸಿವೆ, ಹಾಲು, ಮೊಟ್ಟೆ, ಸೋಯಾ ಸೇರಿದಂತೆ 14 ಅಲರ್ಜಿಕಾರಕಗಳ ಬಗ್ಗೆ ಗ್ರಾಹಕರಿಗೆ ಮಾಹಿತಿ ಕೊಡುವುದನ್ನು ಕಡ್ಡಾಯಗೊಳಿಸಿದೆ. ಅಮೆರಿಕದ ಪಟ್ಟಿಗೆ ಎಳ್ಳು ಸೇರಿದ್ದು 2023ರ ಆರಂಭದಿಂದ. ಅಂದರೆ ಒಂದು ದೇಶದಲ್ಲಿ ಕೇಳದೆಯೇ ಹೇಳುವ ಪದಾರ್ಥವನ್ನು ಇನ್ನೊಂದು ದೇಶದಲ್ಲಿ ನೀವೇ ಕೇಳಿ ತಿಳಿಯಬೇಕಾಗುತ್ತದೆ. ಅಲರ್ಜಿಯ ವಿವರವನ್ನು ಆ ದೇಶದ ಭಾಷೆಯಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಂಡು, ಕಾಯ್ದಿರಿಸುವಾಗ ಕಳುಹಿಸಿದ್ದರೂ, ತರಗತಿಯ ದಿನ ಮತ್ತೊಮ್ಮೆ ಶಿಕ್ಷಕರ ಕೈಗೇ ಕೊಡಬೇಕು. ಶಾಲೆಯ ಪರವಾಗಿ ಬುಕಿಂಗ್ ತೆಗೆದುಕೊಳ್ಳುವವರು ಮತ್ತು ಕಲಿಸುವವರು ಬೇರೆ ಬೇರೆಯಾಗಿರುವ ಕಡೆ ಸಂದೇಶ ನಡುವೆ ಕಳೆದುಹೋಗುವುದು ಅಪರೂಪವಲ್ಲ. ವೈದ್ಯರು ಸೂಚಿಸಿದ ತುರ್ತು ಔಷಧಿ ಜೇಬಿನಲ್ಲೇ ಇರಲಿ, ಅದು ಎಲ್ಲಿದೆ ಎಂಬುದು ಗುಂಪಿನ ಇನ್ನೊಬ್ಬರಿಗಾದರೂ ಗೊತ್ತಿರಲಿ.

ತರಗತಿಯ ಹೊತ್ತಿನಲ್ಲಿ

ಮುಚ್ಚಿದ, ಜಾರದ ಪಾದರಕ್ಷೆ, ತೋಳು ಸಡಿಲವಾಗಿರದ ಉಡುಪು, ಕಟ್ಟಿದ ಕೂದಲು, ಇಷ್ಟು ಸಾಕು. ಏಪ್ರನ್ ಅವರೇ ಕೊಡುತ್ತಾರೆ. ಬೆಳಗಿನ ಉಪಾಹಾರ ಹಗುರವಾಗಿರಲಿ.

ಒಳಗೆ ಹೋದ ಕೂಡಲೇ ಗುಂಪನ್ನು ಜೋಡಿಗಳಾಗಿ ಒಡೆಯಬೇಕು, ಅದೂ ಅಡುಗೆ ಬಲ್ಲವರು ಬಲ್ಲವರ ಜೊತೆ, ಹೊಸಬರು ಹೊಸಬರ ಜೊತೆ ಇರುವಂತೆ. ಬಲ್ಲವರನ್ನು ಹೊಸಬರ ಜೊತೆ ಇಡುವುದೇ ನ್ಯಾಯವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಪಕ್ಕದಲ್ಲಿ ಅನುಭವಿ ಇದ್ದರೆ ಹೊಸಬರು ತಪ್ಪು ಮಾಡುವ ಮೊದಲೇ ಚಾಕು ಅವರ ಕೈ ದಾಟಿರುತ್ತದೆ. ಇಬ್ಬರೂ ಹೊಸಬರಾದಾಗ ಶಿಕ್ಷಕರ ಗಮನ ತಾನಾಗಿಯೇ ಅವರತ್ತ ಹರಿಯುತ್ತದೆ. ಬಲ್ಲವರು ಇನ್ನೊಂದು ಸಂಯಮವನ್ನೂ ಪಾಲಿಸಬೇಕು: ತಾವು ಮನೆಯಲ್ಲಿ ಹೇಗೆ ಮಾಡುತ್ತೇವೆಂಬ ಮಾತನ್ನು ಊಟದ ಮೇಜಿನವರೆಗೆ ತಡೆಹಿಡಿಯುವುದು.

ಪ್ರತಿಯೊಬ್ಬರೂ ತಮಗಿಷ್ಟವಾದ ಖಾದ್ಯವನ್ನು ಆರಿಸಿಕೊಳ್ಳಬಹುದೆಂದು ಹೇಳುವ ಶಾಲೆಗಳಿವೆ, ಥಾಯ್ಲೆಂಡಿನಲ್ಲಿ ಇದು ಸಾಮಾನ್ಯ. ಆರು ಜನ ಆರು ಖಾದ್ಯ ಆರಿಸಿಕೊಂಡರೆ ಎಲ್ಲವನ್ನೂ ಸವಿಯಬಹುದೆಂಬ ಆಸೆ ಸಹಜ, ಆದರೆ ಆಗ ಶಿಕ್ಷಕರು ಆರು ಒಲೆಗಳ ನಡುವೆ ಓಡಾಡುತ್ತಾ ಯಾವುದನ್ನೂ ಪೂರ್ತಿ ವಿವರಿಸಲಾರರು. ಇಡೀ ಗುಂಪು ಎರಡೇ ಖಾದ್ಯಗಳಿಗೆ ಸೀಮಿತವಾದರೆ ಒಂದೇ ಖಾದ್ಯ ಮೂರು ಕೈಗಳಲ್ಲಿ ಹೇಗೆ ಬೇರೆಯಾಯಿತು ಎಂಬುದು ಕಣ್ಣ ಮುಂದೆಯೇ ಇರುತ್ತದೆ, ಅದರಿಂದ ಆಗುವ ಕಲಿಕೆ ದೊಡ್ಡದು.

ಶಿಕ್ಷಕರ ಕೈಯನ್ನು ನೋಡುವಾಗ ಅಳತೆಗಿಂತ ಅನುಕ್ರಮದ ಮೇಲೆ ಕಣ್ಣಿಡಬೇಕು. ಥಾಯ್ ಕರಿ ಮಸಾಲೆಯನ್ನು ಕಲ್ಲಿನ ಒರಳಿನಲ್ಲಿ ಕುಟ್ಟುವುದನ್ನೇ ತೆಗೆದುಕೊಳ್ಳಿ. ಹುರಿದ ಕೊತ್ತಂಬರಿ ಬೀಜ, ಜೀರಿಗೆಯಂಥ ಒಣ ಪದಾರ್ಥಗಳು ಮೊದಲು ಪುಡಿಯಾಗುತ್ತವೆ. ಆಮೇಲೆ ನೆನೆಸಿದ ಒಣಮೆಣಸಿನಕಾಯಿ ಉಪ್ಪಿನ ಜೊತೆ ಬೀಳುತ್ತದೆ. ಉಪ್ಪಿನ ಹರಳುಗಳು ಸಿಪ್ಪೆಯನ್ನು ಉಜ್ಜಿ ಹರಿಯಲು ನೆರವಾಗುತ್ತವೆ. ಬಳಿಕ ನಾರಿನ ನಿಂಬೆಹುಲ್ಲು ಮತ್ತು ಶುಂಠಿಯ ಜಾತಿಯ ಗಲಾಂಗಲ್ ಬೇರು. ನೀರಿನಂಶ ಹೆಚ್ಚಿರುವ ಸಣ್ಣ ಈರುಳ್ಳಿ, ಬೆಳ್ಳುಳ್ಳಿಗಳ ಸರದಿ ಅದಾದ ಮೇಲೆ, ಏಕೆಂದರೆ ಅವನ್ನು ಮೊದಲೇ ಹಾಕಿದರೆ ರಸ ಚಿಮ್ಮುತ್ತದೆ, ನಾರಿನ ತುಂಡುಗಳು ಕುಟ್ಟಾಣಿಯ ಕೆಳಗಿನಿಂದ ಜಾರಿಕೊಳ್ಳುತ್ತವೆ, ಎಷ್ಟು ಕುಟ್ಟಿದರೂ ಮಸಾಲೆ ನುಣ್ಣಗಾಗುವುದಿಲ್ಲ. ತರಗತಿಯಲ್ಲಿ ಕೊಡುವ ಪಾಕವಿಧಾನದ ಕರಪತ್ರದಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಅಚ್ಚಾಗಿರುತ್ತವೆ. ಇದು ಮೊದಲೇಕೆ, ಅದು ಆಮೇಲೇಕೆ ಎಂದು ಕೇಳಿದವರಿಗೆ ಮಾತ್ರ ಕಾರಣ ಸಿಗುತ್ತದೆ.

ಪಾಸ್ತಾ ತರಗತಿಯಲ್ಲೂ ಹೀಗೆಯೇ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಎಂಬ ಅಳತೆ ಎಲ್ಲರಿಗೂ ಸಿಗುತ್ತದೆ, ಮೊಟ್ಟೆಯ ಗಾತ್ರ ಒಂದೇ ಸಮನಿರುವುದಿಲ್ಲವಾದ್ದರಿಂದ ಸ್ವಲ್ಪ ಹಿಟ್ಟನ್ನು ಬದಿಗೆ ತೆಗೆದಿಟ್ಟುಕೊಳ್ಳುವ ಜಾಣ್ಮೆ ಕೈ ನೋಡಿದವರಿಗಷ್ಟೇ ತಿಳಿಯುತ್ತದೆ. ಸುಮಾರು ಹತ್ತು ನಿಮಿಷ ನಾದಿದ ಉಂಡೆಯನ್ನು ಮುಚ್ಚಿ ಅರ್ಧ ಗಂಟೆ ಬಿಡುವುದು ಅದರೊಳಗಿನ ಗ್ಲುಟೆನ್ ಎಂಬ ಜಿಗುಟು ಪ್ರೋಟೀನಿನ ಬಿಗಿ ಸಡಿಲಿಸಲೆಂದು. ಲಟ್ಟಿಸುವಾಗ ಹಾಳೆ ಹಿಂದಕ್ಕೆ ಕುಗ್ಗಿದರೆ ಇನ್ನಷ್ಟು ಹೊತ್ತು ಬಿಡಬೇಕೆಂದರ್ಥ. ಶಿಕ್ಷಕರ ಉಂಡೆಯನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿ, ಕೂಡಲೇ ನಿಮ್ಮದನ್ನು ಒತ್ತಿ ನೋಡಿ. ಯಾವ ಪುಸ್ತಕವೂ ಆ ವ್ಯತ್ಯಾಸವನ್ನು ಬರೆದು ತಿಳಿಸಲಾರದು.

ಫೋಟೊ ಮತ್ತು ಟಿಪ್ಪಣಿಯನ್ನು ಹಂಚಿಕೊಳ್ಳಿ: ಒಂದು ಖಾದ್ಯ ಮುಗಿಯುವವರೆಗೆ ಒಬ್ಬರು ಮಾತ್ರ ಚಿತ್ರ ತೆಗೆಯಲಿ, ಇನ್ನೊಬ್ಬರು ಬರೆದುಕೊಳ್ಳಲಿ, ಮುಂದಿನ ಖಾದ್ಯಕ್ಕೆ ಸರದಿ ಬದಲಾಗಲಿ. ಚಿತ್ರ ತೆಗೆಯುವವರು ತಟ್ಟೆಗಿಂತ ಮುಂಚಿನ ಹಂತಗಳನ್ನು ಹಿಡಿಯಬೇಕು, ಈರುಳ್ಳಿಯನ್ನು ಹುರಿಯುವುದು ಯಾವ ಬಣ್ಣಕ್ಕೆ ನಿಲ್ಲಿಸಿದರು, ಸಾರು ಎಷ್ಟು ಗಟ್ಟಿಯಾಗಿತ್ತು ಎಂಬಂಥವನ್ನು. ವೀಡಿಯೊ ಮಾಡುವುದಾದರೆ ಶಿಕ್ಷಕರ ಅನುಮತಿ ಬೇಕು. ಬೇರೆಯವರ ಮನೆಯಲ್ಲಂತೂ ಖಂಡಿತ ಬೇಕು.

ಮೆಣಸಿನಕಾಯಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣಿಗೆ ತಾಗಿಸಬಾರದು, ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅಂದು ಕನ್ನಡಕ ಹಾಕಿಕೊಂಡು ಹೋಗುವುದೇ ಮೇಲು. ಕೆಲವು ದೇಶಗಳಲ್ಲಿ ತರಗತಿಯ ಆರಂಭದಲ್ಲೇ ವೈನ್ ಸುರಿದುಕೊಡುವ ಪದ್ಧತಿಯಿದೆ. ಕುಡಿಯುವವರು ಚಾಕುಗಳೆಲ್ಲ ಒಳಗೆ ಹೋಗುವವರೆಗೆ ಲೋಟವನ್ನು ಕೆಳಗಿಟ್ಟಿರಲಿ.

ಮುಗಿದ ಮೇಲೆ

ಉಳಿದ ಅಡುಗೆಯನ್ನು ಡಬ್ಬಿಯಲ್ಲಿ ಹಾಕಿ ಕೊಡುವವರಿದ್ದಾರೆ. ಬೇಯಿಸಿದ ಆಹಾರವನ್ನು ಸಾಮಾನ್ಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ನೇರವಾಗಿ ತಂಗುವ ಕೋಣೆಗೆ ಹೋಗಿ ಫ್ರಿಜ್ಜಿನಲ್ಲಿಡುವುದಾದರೆ ತೆಗೆದುಕೊಳ್ಳಿ, ಬಿಸಿಲಿನಲ್ಲಿ ಊರು ಸುತ್ತುವುದಿದ್ದರೆ ವಿನಯದಿಂದ ಬೇಡವೆನ್ನಿ.

ಪದಾರ್ಥಗಳನ್ನು ಊರಿಗೆ ಒಯ್ಯುವ ಮೊದಲು ಹೋಗಬೇಕಾದ ದೇಶದ ನಿಯಮವನ್ನು ನೋಡಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಆಹಾರ, ಬೀಜ, ಸಸ್ಯದ ಯಾವ ಭಾಗವನ್ನೇ ತಂದರೂ ಘೋಷಿಸಲೇಬೇಕೆನ್ನುತ್ತವೆ, ಘೋಷಿಸದವರಿಗೆ ದಂಡ ವಿಧಿಸುತ್ತವೆ. ಹಸಿ ಬೇರು, ಎಲೆ, ಮಾಂಸದ ಪದಾರ್ಥಗಳ ಆಸೆಯನ್ನು ಬಿಡುವುದೇ ಕ್ಷೇಮ. ಸಾಸು, ಪೇಸ್ಟುಗಳು ವಿಮಾನದಲ್ಲಿ ದ್ರವದ ಲೆಕ್ಕಕ್ಕೇ ಬರುತ್ತವೆ. ಅವನ್ನೂ ಕೊಂಡ ಚಾಕುವನ್ನೂ ಕೈಚೀಲದಲ್ಲಿಡದೆ ಚೆಕ್-ಇನ್ ಪೆಟ್ಟಿಗೆಯಲ್ಲಿ ಕಳುಹಿಸಬೇಕು.

ಕರಪತ್ರದ ಅಳತೆಗಳನ್ನು ಮಾತ್ರ ಅಲ್ಲೇ, ಶಿಕ್ಷಕರ ಎದುರಿಗೇ ಗ್ರಾಂ ಮತ್ತು ಮಿಲಿಲೀಟರಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರು, ಆಸ್ಟ್ರೇಲಿಯಾದ್ದು 250, ಜಪಾನಿನದು 200. ದೊಡ್ಡ ಚಮಚ ಬಹುತೇಕ ಕಡೆ 15 ಮಿಲಿಲೀಟರಾದರೆ ಆಸ್ಟ್ರೇಲಿಯಾದಲ್ಲಿ 20. ಸಾರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಕೇಕಿಗೂ ಬ್ರೆಡ್ಡಿಗೂ ಇದೆ.

ಊರಿಗೆ ಮರಳಿದ ಒಂದೆರಡು ವಾರದೊಳಗೆ ಗುಂಪು ಮತ್ತೆ ಒಂದು ಮನೆಯಲ್ಲಿ ಸೇರಿ ಒಂದೇ ಒಂದು ಖಾದ್ಯವನ್ನು ಮಾಡಬೇಕು, ಎಲ್ಲವನ್ನೂ ಅಲ್ಲ. ಒಬ್ಬರು ಮರೆತ ಹಂತ ಇನ್ನೊಬ್ಬರಿಗೆ ನೆನಪಿರುತ್ತದೆ, ಟಿಪ್ಪಣಿಗಳನ್ನು ಒಟ್ಟುಗೂಡಿಸಿ ಒಂದೇ ಪ್ರತಿ ಮಾಡಿಕೊಳ್ಳಲು ಅದೇ ತಕ್ಕ ಸಮಯ. ಅಂದು ಯಾವುದೋ ಒಂದು ಹಂತ ಅಲ್ಲಿನಂತೆ ಬಾರದೆ ಹೋಗಬಹುದು. ಉದಾಹರಣೆಗೆ, ತರಗತಿಯಲ್ಲಿ ಗಟ್ಟಿ ತೆಂಗಿನ ಹಾಲು ಕುದಿದು ಎಣ್ಣೆ ಬಿಟ್ಟ ಮೇಲೆ ಅದರಲ್ಲೇ ಮಸಾಲೆಯನ್ನು ಹುರಿದಿರುತ್ತೀರಿ. ಪೊಟ್ಟಣದ ತೆಂಗಿನ ಹಾಲಿನಲ್ಲಿ ಎಣ್ಣೆ ಬೇರ್ಪಡದಂತೆ ತಡೆಯುವ ಸ್ಥಿರಕಾರಿಗಳನ್ನು ಬೆರೆಸಿರುವುದುಂಟು, ಅಂಥದ್ದನ್ನು ಎಷ್ಟು ಕುದಿಸಿದರೂ ಎಣ್ಣೆ ಮೇಲೆ ಬರುವುದಿಲ್ಲ. ಆಗ ಒಂದೆರಡು ಚಮಚ ಅಡುಗೆ ಎಣ್ಣೆಯಲ್ಲಿ ಮಸಾಲೆಯನ್ನು ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಹಾಲನ್ನು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ.